ಸೊನ್ನೆ ಹಾಕದ ಮೇಡಂ

ಬಲಗೈಯ ಎರಡು ಬೆರಳನ್ನು ಗಂಟಲ ಮೇಲೆ ಒತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿಕೊಂಡು, "ಪೇನ್... ಪೇನು... ಹೇನು" ಎಂದು ಒಂದೇ ಮಾತನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಹಣೆಯಲ್ಲಿ ಕಾಸಿನಗಲದ ಕುಂಕುಮ, ಗಂಜಿ ಹಾಕಿದ ಹತ್ತಿಸೀರೆ, ನಡೆದರೆ ನೆಲಕ್ಕೆ ಟಕ್ಕೆನ್ನುವ ಬೆಳ್ಳಿ ಕಾಲುಂಗುರ. ಮಹಡಿಯ ಮೇಲೆ ಹಪ್ಪಳ ಕಾಯುತ್ತ ಕೂತಿರಬೇಕಾದವರ ಹಾಗೆ ಕಾಣುತ್ತಿದ್ದ ಈ ಹೆಂಗಸು ಕಂಪ್ಯೂಟರಿನ ಮುಂದೆ ಕೂತು ತಲೆಹೇನಿನ ಜಪ ಮಾಡುತ್ತಿದ್ದರೆ ಯಾರಿಗಾದರೂ ಗಾಬರಿಯಾಗಬೇಕು. ಅದು ನಾನು ಕೆಲಸಕ್ಕೆ ಸೇರಿದ ಮೊದಲ ದಿನ. ಪಾಪ, ಗಂಟಲು ನೋವಿರಬೇಕೆಂದುಕೊಂಡು, "ಮೇಡಂ, ಬಿಸಿನೀರು ತಂದ್ಕೊಡ್ಲಾ?" ಎಂದು ಕೇಳಿದೆ.

"ಗಂಟಲು ಗಟ್ಟಿಯಾಗೇ ಇದೆ ಕಣಮ್ಮ. ದನಿ ಎಲ್ಲಿ ನಡುಗುತ್ತೆ ಅಂತ ನೋಡ್ತಿದೀನಿ. ನೀನೂ ಇಟ್ಕೊ ಬೆರಳು. ಪಟ್ಟೆ ಅನ್ನು. ಈಗ ಬಟ್ಟೆ ಅನ್ನು. ಏನಾಯ್ತು?"

ಎರಡನೆಯದಕ್ಕೆ ಬೆರಳ ಕೆಳಗೆ ಜುಮ್ಮೆಂದಿತು. ನಾನು ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು ನನ್ನದೇ ಕತ್ತಿನಲ್ಲಿ ಹೀಗೆ ಮಿಡಿಯುತ್ತದೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನನ್ನ ಮುಖ ನೋಡಿ ಅವರು ನಕ್ಕರು. ಆವತ್ತಿನಿಂದ ಅವರು ನನಗೆ ಬರೀ ಮೇಡಂ. ಹೆಸರು ಹಿಡಿದು ಕರೆಯುವ ಕಾರ್ಪೊರೇಟ್ ಪದ್ಧತಿ ನಮ್ಮ ಆಫೀಸಿಗೂ ಮುಂದೆ ಬಂತು. ಆದರೆ ನನ್ನ ನಾಲಿಗೆ ಅವರ ವಿಷಯದಲ್ಲಿ ಅದಕ್ಕೆ ಒಪ್ಪಲೇ ಇಲ್ಲ.

ಆಗ ನಮ್ಮ ಆಫೀಸು ಇದ್ದದ್ದು ಪೀಣ್ಯದ ಅಡ್ಡರಸ್ತೆಯೊಂದರಲ್ಲಿ, ಲೇತ್ ಮೆಷಿನ್ನುಗಳ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಕೆಳಗೆ ಕಬ್ಬಿಣ ಕೊರೆಯಲು ಶುರುಮಾಡಿದರೆ ಮೇಲೆ ನಮ್ಮ ಟೀ ಲೋಟಗಳು ಮೇಜಿನ ಮೇಲೆ ತಾವೇ ಸರಿದಾಡುತ್ತಿದ್ದವು. ಅಂಥ ಗದ್ದಲದ ನಡುವೆ ನಾವು ಮಾಡುತ್ತಿದ್ದದ್ದು ಭಾಷೆಗಳ ವಂಶವೃಕ್ಷ. ಹೊರದೇಶದ ವಿಶ್ವವಿದ್ಯಾಲಯವೊಂದು ನಮ್ಮ ಚಿಕ್ಕ ಕಂಪನಿಗೆ ಈ ಕೆಲಸ ಕೊಟ್ಟಿತ್ತು. ಮೇಡಂ ಭಾಷಾಶಾಸ್ತ್ರ ಓದಿದವರು, ಬಹಳ ವರ್ಷ ಕಾಲೇಜೊಂದರಲ್ಲಿ ಹಂಗಾಮಿಯಾಗಿ ಪಾಠ ಮಾಡಿ, ಕಾಯಂ ಆಗುವ ಆಸೆ ಬಿಟ್ಟು ಇಲ್ಲಿಗೆ ಬಂದಿದ್ದರು. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದವಳು. ಭಾಷೆಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನಾನು ಕೇಳಿದಾಗ ಅವರು ಯಾವ ಪುಸ್ತಕವನ್ನೂ ತೆಗೆಯಲಿಲ್ಲ.

"ಅಣ್ಣತಮ್ಮಂದಿರು ಪಾಲಾಗಿ ಬೇರೆ ಬೇರೆ ಮನೆ ಮಾಡಿರ್ತಾರೆ ಅಂದ್ಕೊ. ಯಾರು ಮೊದಲು ಹೊರಗೆ ಹೋದ್ರು, ಯಾರು ಕೊನೇವರೆಗೂ ಒಟ್ಟಿಗಿದ್ರು ಅಂತ ಹೇಳೋರು ಯಾರೂ ಇಲ್ಲ. ಆವಾಗ ಏನ್ಮಾಡ್ತೀಯ? ಒಂದೊಂದು ಮನೆ ಅಡುಗೆಮನೆಗೂ ಹೋಗಿ ಪಾತ್ರೆ ನೋಡ್ತೀಯ. ಹಳೇ ಮನೆ ಪಾತ್ರೆ ಇವರ ಹತ್ರ ಯಾವುದಿದೆ, ಅವರ ಹತ್ರ ಯಾವುದಿದೆ ಅಂತ. ಪಕ್ಕದ ಮನೆಯಿಂದ ಕೇಳ್ಕೊಂಡು ತಂದಿರೋ ಪಾತ್ರೆ ಲೆಕ್ಕಕ್ಕಿಲ್ಲ. ಅಷ್ಟೇ ಕೆಲಸ."

ಪಾತ್ರೆ ಎಂದರೆ ಪದಗಳು. ಯಾವ ಭಾಷೆಯವರಿಗೂ ಬೇಕಾಗುವ ನೀರು, ಬೆಂಕಿ, ಬೂದಿ, ಹಲ್ಲು, ಹೇನು ಇಂಥವು. ಒಂದು ಮೂಲದ ಪದ ಒಂದು ಭಾಷೆಯಲ್ಲಿ ಇದ್ದರೆ ಅದರ ಖಾನೆಯಲ್ಲಿ ಒಂದು, ಇಲ್ಲದಿದ್ದರೆ ಸೊನ್ನೆ. ಹೀಗೆ ಒಂದು ಮತ್ತು ಸೊನ್ನೆಗಳ ಸಾಲುಗಳನ್ನು ತುಂಬಿ ಕೊಟ್ಟರೆ ಕಂಪ್ಯೂಟರು ಲೆಕ್ಕ ಹಾಕಿ, ಯಾವ ಭಾಷೆ ಯಾವುದರಿಂದ ಕವಲೊಡೆಯಿತು, ಸುಮಾರು ಯಾವ ಕಾಲಕ್ಕೆ ಒಡೆಯಿತು ಎಂದು ಮರದ ಚಿತ್ರ ಬರೆದು ತೋರಿಸುತ್ತಿತ್ತು. ಇವೆರಡೂ ಅಲ್ಲದ ಮೂರನೆಯ ಗುರುತೊಂದಿತ್ತು. ಆ ಭಾಷೆಯಲ್ಲಿ ಆ ಪದ ಇದೆಯೋ ಇಲ್ಲವೋ ನಮಗೆ ತಿಳಿಯದಿದ್ದರೆ ಹಾಕುವ ಪ್ರಶ್ನೆಚಿಹ್ನೆ. ಮೇಡಂ ಮಿಕ್ಕೆಲ್ಲದರಲ್ಲೂ ಉದಾರಿ. ಈ ಪ್ರಶ್ನೆಚಿಹ್ನೆಯ ವಿಷಯದಲ್ಲಿ ಮಾತ್ರ ಮಹಾ ಜಿಪುಣಿ, ಒಂದನ್ನೂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾನು ಶುರುವಿನಲ್ಲಿ ಸೋಮಾರಿತನಕ್ಕೆ ಅಲ್ಲಲ್ಲಿ ಸೊನ್ನೆ ಹಾಕಿದರೆ, ಹಿಂದೆ ಬಂದು ನಿಂತು ಕೇಳುತ್ತಿದ್ದರು:

"ಇಲ್ಲ ಅಂತ ಹಾಕಿದೀಯಲ್ಲ, ಯಾರು ಹೋಗಿ ನೋಡ್ಕೊಂಡು ಬಂದ್ರು?"

ನಮ್ಮ ಮನೆ ಟಿ. ದಾಸರಹಳ್ಳಿ. ಅಪ್ಪ ಅವ್ವ ಹಾವೇರಿ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಬಂದು ಅಲ್ಲೇ ಬಾಡಿಗೆ ಮನೆ ಹಿಡಿದು ಉಳಿದವರು. ಆಫೀಸಿನಲ್ಲಿ ನಾನು ಬೆಂಗಳೂರಿನವರ ಹಾಗೆ "ಬಂದ್ಬಿಟ್ಟೆ, ಹೋಗ್ಬಿಟ್ಟೆ" ಎಂದು ಮಾತಾಡುತ್ತಿದ್ದೆ. ಮಧ್ಯಾಹ್ನ ಅವ್ವನ ಫೋನ್ ಬಂದು, "ಯವ್ವಾ, ಉಂಡ್ಯೋ ಇಲ್ಲೋ?" ಎಂದರೆ ಸಾಕು, ನನ್ನ ಮಾತು ಹಾವೇರಿಗೆ ಓಡಿಹೋಗುತ್ತಿತ್ತು. ಮೇಡಂ ಕೈಲಿದ್ದ ಕೆಲಸ ಬಿಟ್ಟು ಕಿವಿ ನಿಮಿರಿಸಿ ಕೂರುತ್ತಿದ್ದರು. "ನಿಮ್ಮಮ್ಮನ ಫೋನ್ ಬಂದ್ರೆ ನಂಗೆ ಹಬ್ಬ ಕಣೆ. ಇನ್ನೊಂಚೂರು ಮಾತಾಡು, ಯಾಕೆ ಇಟ್ಬಿಟ್ಟೆ?" ಕೊನೆಗೆ ನನಗೆ ಹಾವೇರಿ ಎಂದೇ ಹೆಸರಿಟ್ಟರು. "ಏನೇ ಹಾವೇರಿ, ಊಟ ಆಯ್ತಾ?" ಎಂದು ಅವರು ಕೇಳುವಾಗ ಅವರ ಡಬ್ಬಿಯ ಮುಚ್ಚಳದಲ್ಲಿ ನನ್ನ ಪಾಲಿನ ಒಗ್ಗರಣೆ ಅವಲಕ್ಕಿ ತಯಾರಾಗಿರುತ್ತಿತ್ತು.

ಅವರೂ ದಾಸರಹಳ್ಳಿಯಲ್ಲೇ ಇದ್ದದ್ದು. ಸಂಜೆ ಇಬ್ಬರೂ ನಡೆದೇ ಹೋಗುತ್ತಿದ್ದೆವು. ತುಮಕೂರು ರಸ್ತೆಯ ಲಾರಿಗಳ ಧೂಳಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅವರು ಜಗತ್ತಿನ ಭಾಷೆಗಳ ಸುದ್ದಿ ಹೇಳುತ್ತಿದ್ದರು. ಒಂದು ದಿನ ಅವರ ಮನೆಯ ಮೆಟ್ಟಿಲು ಹತ್ತುವಾಗ ಒಳಗೆ ಫೋನು ರಿಂಗಾಯಿತು. ಅಷ್ಟು ನಿಧಾನದ ಹೆಂಗಸು ಚಪ್ಪಲಿಯನ್ನೂ ಬಿಡದೆ, ಬೀಗ ತೆಗೆಯಲು ತಡವರಿಸಿ, ಓಡಿ ಹೋಗಿ ಎತ್ತಿಕೊಂಡರು. ಯಾವುದೋ ರಾಂಗ್ ನಂಬರು. ರಿಸೀವರ್ ಇಟ್ಟು, ಉಸಿರು ಸುಧಾರಿಸಿಕೊಳ್ಳುತ್ತ ಕುರ್ಚಿಯ ಮೇಲೆ ಕೂತರು. ಗೋಡೆಯಲ್ಲಿ ಅವರ ಗಂಡನ ಫೋಟೊ ಇತ್ತು. ಹಾರ ಇರಲಿಲ್ಲ.

ಅವರೇ ಹೇಳಿದರು. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದರು. ಕಾರ್ಖಾನೆಗೆ ಲಾಕೌಟ್ ಆಗಿ ತಿಂಗಳುಗಳು ಕಳೆದಿದ್ದವು. ಮನುಷ್ಯ ಮಾತು ಕಡಿಮೆ ಮಾಡಿದ್ದರು. ಮಗಳು ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಳು. ಒಂದು ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು, ಮನೆಗೆ ವಾಪಸು ಬಂದು, ತಿಂಡಿ ತಿಂದು, "ಯೂನಿಯನ್ ಆಫೀಸಿಗೆ ಹೋಗ್ಬರ್ತೀನಿ" ಎಂದು ಹೇಳಿ ಹೋದವರು ತಿರುಗಿ ಬರಲಿಲ್ಲ. ಸ್ಕೂಟರು ಯಶವಂತಪುರ ರೈಲ್ವೆ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಅದು ಬಿಟ್ಟು ಇನ್ನೇನೂ ಸಿಗಲಿಲ್ಲ. ಪೊಲೀಸರು, ಆಸ್ಪತ್ರೆಗಳು, ಶವಾಗಾರಗಳು, ಪೇಪರಿನಲ್ಲಿ ಫೋಟೊ, ಯಾರೋ ಕಂಡೆ ಎಂದರೆಂದು ಮಂತ್ರಾಲಯ, ಇನ್ಯಾರೋ ಹೇಳಿದರೆಂದು ಕಾಶಿ, ಎಲ್ಲವೂ ಆಗಿತ್ತು.

"ಈ ಮನೆ ಬಿಡಲ್ಲ ಅದಕ್ಕೇ. ಅವ್ರಿಗೆ ಗೊತ್ತಿರೋ ಅಡ್ರೆಸ್ ಇದೊಂದೇ. ಗೊತ್ತಿರೋ ನಂಬರ್ರೂ ಇದೇ."

ನಾನು "ಬಂದೇ ಬರ್ತಾರೆ ಮೇಡಂ" ಎಂದುಬಿಟ್ಟೆ.

"ಹಂಗನ್ಬೇಡ. ಅದೂ ಗೊತ್ತಿಲ್ವಲ್ಲ ನಮಗೆ," ಎಂದರು. ಎದ್ದು ಕಾಫಿಗೆ ನೀರಿಟ್ಟರು. ಆವತ್ತು ನನಗೆ ಅವರ ಪ್ರಶ್ನೆಚಿಹ್ನೆ ಎಲ್ಲಿಂದ ಬಂತೆಂದು ಅರ್ಥವಾಯಿತು.

ಇದಾದ ಕೆಲವು ತಿಂಗಳಿಗೆ ಆಫೀಸಿನಲ್ಲಿ ಒಂದು ದೊಡ್ಡ ಸಂಭ್ರಮವಾಯಿತು. ಹೊಸದಾಗಿ ಬಂದ ಎಂಜಿನಿಯರೊಬ್ಬರು ರಾತ್ರೋರಾತ್ರಿ ಲೆಕ್ಕ ಓಡಿಸಿ ಬೆಳಿಗ್ಗೆ ಮರದ ಚಿತ್ರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದರು. ಅದರಲ್ಲಿ ನೀಲಗಿರಿ ಕಡೆಯ ಒಂದು ಚಿಕ್ಕ ಭಾಷೆಯೂ ಮಧ್ಯಭಾರತದ ಕಾಡಿನ ಇನ್ನೊಂದು ಭಾಷೆಯೂ ಒಡಹುಟ್ಟಿದವರ ಹಾಗೆ ಒಂದೇ ಕೊಂಬೆಯಲ್ಲಿ ಕೂತಿದ್ದವು. ಯಾರೂ ಕೇಳರಿಯದ ನೆಂಟಸ್ತನ. ಮ್ಯಾನೇಜರ್ ಕುಣಿಯುವುದೊಂದು ಬಾಕಿ. "ಮೇಡಂ, ಇದು ವರ್ಲ್ಡ್ ಲೆವೆಲ್ ಡಿಸ್ಕವರಿ! ಕ್ಲೈಂಟ್‌ಗೆ ಈಗ್ಲೇ ಮೇಲ್ ಹಾಕ್ತೀನಿ," ಎಂದರು. ಸ್ವೀಟಿಗೆ ಆಗಲೇ ಹೇಳಿ ಕಳಿಸಿಯಾಗಿತ್ತು.

ಮೇಡಂ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಬೆರಳು ಗಂಟಲಿಗೆ ಹೋಯಿತು. ಆಮೇಲೆ ಎಂಜಿನಿಯರನ್ನು ಕರೆದು, "ಖಾಲಿ ಇದ್ದ ಖಾನೆಗೆ ಏನ್ ಮಾಡಿದ್ರಿ?" ಎಂದು ಕೇಳಿದರು.

"ಪ್ರೋಗ್ರಾಂ ಕ್ವೆಶ್ಚನ್ ಮಾರ್ಕ್ ಬಂದಲ್ಲೆಲ್ಲಾ ಎರರ್ ಹೊಡೀತಿತ್ತು ಮೇಡಂ. ಎಲ್ಲಾ ಒಂದೇ ಸಲ ಝೀರೋ ಮಾಡ್ದೆ. ಸಕ್ಕತ್ತಾಗಿ ಓಡ್ತು."

ಆ ಎರಡು ಭಾಷೆಗಳ ಪದಗಳೇ ನಮ್ಮ ಹತ್ತಿರ ಸರಿಯಾಗಿರಲಿಲ್ಲ. ಯಾರೋ ಹಳಬರು ಬರೆದುಕೊಂಡು ಬಂದ ಒಂದಿಷ್ಟು ಬಿಟ್ಟರೆ ಸಾಲಿನ ತುಂಬ ಪ್ರಶ್ನೆಚಿಹ್ನೆ. ಅವೆಲ್ಲ ಸೊನ್ನೆಯಾದದ್ದೇ ತಡ, ಕಂಪ್ಯೂಟರು ಈ ಸಾಲಿನ ಸೊನ್ನೆಗಳನ್ನೂ ಆ ಸಾಲಿನ ಸೊನ್ನೆಗಳನ್ನೂ ಹೋಲಿಸಿ, ಇಬ್ಬರ ಮನೆಯಲ್ಲೂ ಇಲ್ಲದ ಪಾತ್ರೆಗಳು ಒಂದೇ, ಆದ್ದರಿಂದ ಇವರು ಅಕ್ಕತಂಗಿಯರು ಎಂದು ತೀರ್ಮಾನಿಸಿತ್ತು.

"ಇವೆರಡಕ್ಕೂ ಇರೋ ಸಂಬಂಧ ಒಂದೇ," ಎಂದರು ಮೇಡಂ. "ಎರಡೂ ನಮಗೆ ಗೊತ್ತಿಲ್ಲ."

ಮ್ಯಾನೇಜರ್ ಪೆಚ್ಚಾದರು. "ಕ್ಲೈಂಟ್‌ಗೆ ಖಾಲಿ ಖಾಲಿ ಕಾಲಂ ಹೆಂಗ್ ಕಳ್ಸೋದು ಮೇಡಂ? ಕೆಲಸ ಮಾಡಿಲ್ಲ ಅಂದ್ಕೋತಾರೆ. ಸೊನ್ನೆನೇ ಇರ್ಲಿ ಬಿಡಿ, ಯಾರಿಗ್ ಗೊತ್ತಾಗುತ್ತೆ?"

ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಇಲ್ಲ ಅಂತ ಬರೀಬೇಕಾದ್ರೆ ಯಾರಾದ್ರೂ ಹೋಗಿ ನೋಡ್ಕೊಂಡು ಬಂದಿರ್ಬೇಕು ಸಾರ್! ನೋಡ್ದೇನೇ ಇಲ್ಲ ಅಂತ ಹಾಕಿದ್ರೆ, ಇರೋದನ್ನ ನಾವೇ ಸಾಯ್ಸಿದಂಗೆ!" ಕೆಳಗೆ ಲೇತ್ ಮೆಷಿನ್ನು ಆ ಹೊತ್ತಿಗೇ ನಿಂತಿತ್ತೋ ಏನೋ, ಮಾತು ಇಡೀ ಮಹಡಿಗೆ ಕೇಳಿಸಿತು. ಆಮೇಲೆ ಅವರಿಗೇ ನಾಚಿಕೆಯಾಗಿ, "ತಪ್ಪು ತಿಳ್ಕೋಬೇಡಿ" ಎಂದು ತಮ್ಮ ಜಾಗಕ್ಕೆ ಹೋಗಿ ಕೂತರು. ಸ್ವೀಟು ಬಂತು, ಯಾರೂ ಮುಟ್ಟಲಿಲ್ಲ.

ನಾವಿಬ್ಬರೂ ಕೂತು ಪ್ರಶ್ನೆಚಿಹ್ನೆಗಳನ್ನೆಲ್ಲ ಮತ್ತೆ ಅವುಗಳ ಜಾಗಕ್ಕೆ ತಂದೆವು. ಪ್ರೋಗ್ರಾಂ ಅವನ್ನು ಒಪ್ಪಿಕೊಳ್ಳುವ ಹಾಗೆ ತಿದ್ದಿದ್ದು ನಾನು. ಅದಕ್ಕಾಗಿ ಅವರು ನನ್ನನ್ನು ಹೊಗಳಿದ್ದು ಅತಿಯಾಯಿತು. ಹೊಸ ಮರದಲ್ಲಿ ಆ ಎರಡು ಭಾಷೆಗಳು ಬೇರೆ ಬೇರೆ ಕಡೆ, ಚುಕ್ಕಿ ಚುಕ್ಕಿ ಗೆರೆಯಲ್ಲಿ ಜೋತುಬಿದ್ದವು. ಎಲ್ಲಿ ಸೇರುತ್ತವೆ ಎಂದು ಖಚಿತವಾಗಿ ಹೇಳಲಾಗದ ಕೊಂಬೆಗಳು. ಮೇಡಂಗೆ ಮರದಲ್ಲೆಲ್ಲ ಇಷ್ಟವಾದದ್ದು ಆ ಚುಕ್ಕಿ ಗೆರೆಗಳೇ.

ಆಮೇಲೆ ನಮ್ಮ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡು, ನಮ್ಮನ್ನೆಲ್ಲ ಎಲೆಕ್ಟ್ರಾನಿಕ್ ಸಿಟಿಗೆ ಸಾಗಿಸಿತು. ಊರಿನ ಈ ತುದಿಯಿಂದ ಆ ತುದಿಗೆ. ಒಬ್ಬೊಬ್ಬರಾಗಿ ಮಿಕ್ಕವರೆಲ್ಲ ಬೊಮ್ಮನಹಳ್ಳಿ, ಹೊಸ ರೋಡು ಅಂತ ಅದರ ಹತ್ತಿರಕ್ಕೇ ಮನೆ ಬದಲಾಯಿಸಿದರು. ಮೇಡಂ ಮಾತ್ರ ದಾಸರಹಳ್ಳಿಯಿಂದ ನಸುಕಿಗೇ ಬಸ್ಸು ಹತ್ತುತ್ತಿದ್ದರು. ಅವರಿಗೆ ಮಂಡಿನೋವು ಶುರುವಾಗಿತ್ತು. ಬಸ್ಸಿನ ರಾಡು ಹಿಡಿದು ನಿಂತು, ನಿದ್ದೆಗೆ ತೂಗಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು. ಎಚ್.ಆರ್.ನವರು ಕ್ಯಾಂಪಸ್ಸಿನ ಹತ್ತಿರವೇ ಒಳ್ಳೆಯ ಮನೆ ತೋರಿಸಿದಾಗ, "ಗಾಳಿ ಬೆಳಕು ಚೆನ್ನಾಗಿದೆ" ಎಂದು ಹೊಗಳಿ ವಾಪಸು ಬಂದರು. ಅವರ ಜೊತೆಗೆಂದು ನಾನೂ ಆ ಬಸ್ಸಿನ ಪ್ರಯಾಣ ಮಾಡಿದೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ನನ್ನ ಮನೆಯೂ ದಾಸರಹಳ್ಳಿಯಲ್ಲೇ ಇತ್ತು. ಆದರೆ ಅಷ್ಟು ದೂರ ಅವರ ಪಕ್ಕದಲ್ಲಿ ಬರುವುದು ನನಗೆ ಕಾಲೇಜಿಗೆ ಹೋದ ಹಾಗಿತ್ತು.

ಮಗಳು ಬೆಳೆದು ಕೆಲಸಕ್ಕೆ ಸೇರಿದ್ದಳು. ಅಮ್ಮನಂತೆಯೇ ಎತ್ತರ, ಆದರೆ ಮಾತು ಚುರುಕು. ತುಮಕೂರಿನ ಕಡೆಯ ಸಂಬಂಧ ಕೂಡಿಬಂತು. ಹುಡುಗನ ಮನೆಯವರು ಒಳ್ಳೆಯವರೇ, ಯಾವ ಬೇಡಿಕೆಯೂ ಇರಲಿಲ್ಲ. ಹುಡುಗನ ತಂದೆ ತುಂಬ ಸಂಕೋಚದಿಂದ ಕೇಳಿದ್ದು ಒಂದೇ ಮಾತು: ತಂದೆಯ ವಿಷಯ ಲಗ್ನಪತ್ರಿಕೆಯಲ್ಲಿ ಏನಂತ ಹಾಕುವುದು? ಇದೇ ಸಮಯವೆಂದು ಮೇಡಂ ಅವರ ಭಾವ, ಓರಗಿತ್ತಿ ಬಂದು ಕೂತರು. ಕಾಣೆಯಾದವರಿಗೆ ಹನ್ನೆರಡು ವರ್ಷ ಕಳೆದರೆ ದರ್ಭೆಯ ಬೊಂಬೆ ಮಾಡಿ ದಹನ ಮಾಡುವ ಪದ್ಧತಿ ಇದೆ. ಹನ್ನೆರಡು ಎಂದೋ ಕಳೆದಿತ್ತು. ಅದೊಂದನ್ನು ಮುಗಿಸಿಬಿಟ್ಟರೆ ಹೋದವರಿಗೂ ಸದ್ಗತಿ, ಇರುವವರಿಗೂ ನೆಮ್ಮದಿ ಎಂದು ಅವರ ವಾದ.

ಮೇಡಂ ಒಪ್ಪಲಿಲ್ಲ. ಪತ್ರಿಕೆ ಮಾಡಿಸಲು ದಾಸರಹಳ್ಳಿಯ ಪ್ರಿಂಟಿಂಗ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಮಗಳೂ ಇದ್ದಳು. ಅಂಗಡಿಯವರು ಕಂಪ್ಯೂಟರಿನಲ್ಲಿ ಎಲ್ಲ ಹೊಂದಿಸಿ, ಅವರ ಗಂಡನ ಹೆಸರಿನ ಮೊದಲು ಕರ್ಸರ್ ನಿಲ್ಲಿಸಿ ಕೇಳಿದರು:

"ಮೇಡಂ, ಯಜಮಾನ್ರಿಗೆ 'ಶ್ರೀ' ಹಾಕ್ಲಾ, 'ದಿವಂಗತ' ಹಾಕ್ಲಾ?"

"ಏನೂ ಹಾಕ್ದೆ ಇರಕ್ಕಾಗಲ್ವಾ?"

"ಬೋಳುಬೋಳಾಗಿ ಕಾಣುತ್ತೆ ಮೇಡಂ. ಓದ್ದೋರು ಕೇಳ್ತಾರೆ."

"ನಾಳೆ ಹೇಳ್ತೀನಿ."

ಅಂಗಡಿಯ ಹೊರಗೆ ಬಂದದ್ದೇ ಮಗಳು ರಸ್ತೆ ಎಂದೂ ನೋಡದೆ ಅತ್ತುಬಿಟ್ಟಳು. "ಸ್ಕೂಲಲ್ಲಿ ಕೇಳಿದ್ರು, ಕಾಲೇಜಲ್ಲಿ ಕೇಳಿದ್ರು, ಇಂಟರ್‌ವ್ಯೂನಲ್ಲಿ ಕೇಳಿದ್ರು. ಗೊತ್ತಿಲ್ಲ ಗೊತ್ತಿಲ್ಲ ಅಂತ ಹೇಳೀ ಹೇಳೀ ನನ್ ಬಾಯಿ ಸವೆದೋಯ್ತು ಅಮ್ಮ. ಅಪ್ಪ ಇಲ್ಲ ಅಂದ್ರೆ ಜನ ಅಯ್ಯೋ ಅಂತಾರೆ, ಸುಮ್ನಾಗ್ತಾರೆ. ಗೊತ್ತಿಲ್ಲ ಅಂದ್ರೆ ಒಂಥರಾ ನೋಡ್ತಾರೆ. ನಿಂಗೆ ಅದು ಭರವಸೆ. ನಂಗೆ ಬರೀ ಅವಮಾನ."

ಮೇಡಂ ಅವಳನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಅಲ್ಲೇ ನಿಂತು ರಸ್ತೆಯ ಲಾರಿಗಳನ್ನು ನೋಡುತ್ತಿದ್ದರು. ಆಮೇಲೆ ತಾವೇ ತಿರುಗಿ ಅಂಗಡಿಯ ಮೆಟ್ಟಿಲು ಹತ್ತಿ, ಒಳಗೆ ತಲೆ ಹಾಕಿ ಹೇಳಿದರು. "ದಿವಂಗತ ಅಂತ್ಲೇ ಹಾಕಿ."

ಮಾರನೆಯ ದಿನ ಬಸ್ಸಿನಲ್ಲಿ ಹೇಳಿದರು. "ಕಾಯೋದು ನನ್ ಕೆಲಸ ಅಂದ್ಕೊಂಡಿದ್ದೆ. ಅವಳನ್ನೂ ನಿಲ್ಲಿಸಿ ಕಾಯ್ಸಿದೀನಿ ಅಂತ ಹೊಳೀಲೇ ಇಲ್ಲ ಕಣೆ ಹಾವೇರಿ."

ಶ್ರೀರಂಗಪಟ್ಟಣದ ನದಿ ದಡಕ್ಕೆ ನಾನೂ ಹೋಗಿದ್ದೆ. ಪುರೋಹಿತರು ದರ್ಭೆಯನ್ನು ಸುತ್ತಿ ಸುತ್ತಿ ಕೈ ಕಾಲು ತಲೆ ಮಾಡಿ ಮಲಗಿಸಿದರು. ಮೇಲೊಂದು ಬಿಳಿ ಬಟ್ಟೆ. ಭಾವನ ಮಗ ಕರ್ಮಕ್ಕೆ ಕೂತಿದ್ದ. ಮೇಡಂ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಬೆಂಕಿ ಇಟ್ಟಾಗ ಅಳಲಿಲ್ಲ. ಎಲ್ಲ ಮುಗಿದು, ಓರಗಿತ್ತಿ ಒದ್ದೆ ಬಟ್ಟೆಯಿಂದ ಅವರ ಹಣೆ ಒರೆಸಿ, ಬಗ್ಗಿ ಕಾಲುಂಗುರ ತೆಗೆಯುವಾಗ ಮೇಡಂ ನನ್ನ ಕಡೆ ತಿರುಗಿ ಅಂದದ್ದು ಇಷ್ಟೇ:

"ದರ್ಭೆ ಎಷ್ಟು ಬೇಗ ಉರಿದೋಯ್ತು ನೋಡೇ."

ಆ ಮಾತು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ. ಅಷ್ಟು ವರ್ಷ ಕಾದದ್ದಕ್ಕೆ ಉರಿಯಾದರೂ ಇನ್ನೊಂದಿಷ್ಟು ಹೊತ್ತು ಇರಬಾರದಿತ್ತೇ ಎಂದು ನಾನು ಬಸ್ಸಿನಲ್ಲಿ ವಾಪಸು ಬರುವವರೆಗೂ ಅತ್ತೆ.

ಮದುವೆಯ ದಿನ ಧಾರೆ ಎರೆದದ್ದು ಭಾವ, ಓರಗಿತ್ತಿ. ಹೆತ್ತು, ಸಾಕಿ, ಓದಿಸಿದವರು ಛತ್ರದ ಕಂಬದ ಹಿಂದೆ ನಿಂತಿದ್ದರು. ಮಂಟಪದಿಂದ ಮಗಳು ಕತ್ತು ಹೊರಳಿಸಿ ಹುಡುಕಿ, "ಅಮ್ಮಾ, ಇಲ್ಲಿ ಬಾ" ಎಂದು ಕರೆದಳು. ದೊಡ್ಡಮ್ಮ ಅವಳ ಮೊಣಕೈ ಚಿವುಟಿ ಸುಮ್ಮನಿರಿಸಿದ್ದನ್ನು ನಾನು ಕಂಡೆ. ಮೇಡಂ ಅಲ್ಲಿಂದಲೇ ಕೈಯೆತ್ತಿ, ಇದ್ದೀನಿ ಎನ್ನುವಂತೆ ತೋರಿಸಿದರು. ನನಗೆ ಆ ಛತ್ರವನ್ನೇ ಕಿತ್ತು ಬಿಸಾಡುವಷ್ಟು ಸಿಟ್ಟು ಬಂದಿತ್ತು. ಊಟ ಮಾಡದೆ ಮನೆಗೆ ಹೋದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಕೆಲಸಕ್ಕೆ ಅವರು ಬೋಳು ಹಣೆಯಲ್ಲೇ ಬಂದರು. ಬೋಳು ಎಂದರೆ ಪೂರ್ತಿ ಬೋಳಲ್ಲ. ವರ್ಷಗಟ್ಟಲೆ ಕುಂಕುಮ ಇಟ್ಟ ಜಾಗದಲ್ಲಿ ಚರ್ಮ ಕಪ್ಪಾಗಿ, ದುಂಡಗೆ ಒಂದು ಕಲೆ ನಿಂತುಬಿಟ್ಟಿತ್ತು. ತೊಳೆದರೆ ಹೋಗುವಂಥದ್ದಲ್ಲ. ಇನ್ನು ಇವರು ಖಾನೆಗಳಿಗೂ ಸೊನ್ನೆ ಹಾಕಿ ಕೈ ತೊಳೆದುಕೊಳ್ಳುತ್ತಾರೇನೋ ಎಂದು ನನಗೆ ಒಳಗೇ ಭಯವಿತ್ತು. ಕದ್ದು ಅವರ ಪರದೆ ನೋಡಿದೆ. ಎಂದಿನ ಹಾಗೆ ಪ್ರಶ್ನೆಚಿಹ್ನೆಗಳು. ನೋಡಿದ್ದು ಅವರಿಗೆ ಗೊತ್ತಾಯಿತು.

"ಅಲ್ಲಿ ಹಾಕ್ದೆ ಅಂತ ಇಲ್ಲೂ ಹಾಕ್ತೀನಾ?"

ಮಗಳು ಗಂಡನ ಮನೆಗೆ ಹೋದ ಮೇಲೂ ಅವರು ಆ ಮನೆ ಬಿಡಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು ಬಂದಿದ್ದ ಕಾಲದಲ್ಲಿ ಅವರ ಲ್ಯಾಂಡ್‌ಲೈನು ಸ್ಟೂಲಿನ ಮೇಲೆ, ಕ್ರೋಶಾ ಹಾಕಿದ ಬಟ್ಟೆ ಹೊದ್ದು ಕೂತಿತ್ತು. "ಇದ್ಯಾಕೆ ಮೇಡಂ ಇನ್ನೂ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅದು ಅವಳಿಗೋಸ್ಕರ ಮಾಡಿದ್ದು. ಇದು ನಂದು," ಎಂದರು.

ನಾಗಸಂದ್ರದವರೆಗೆ ಮೆಟ್ರೊ ಬಂದ ಹೊಸದರಲ್ಲಿ ಚಿಕ್ಕ ಹುಡುಗಿಯ ಹಾಗೆ ಕಿಟಕಿಗೆ ಹಣೆ ಒತ್ತಿ ಕೂರುತ್ತಿದ್ದರು. ರೈಲು ಪೀಣ್ಯದ ಮೇಲೆ ಹೋಗುವಾಗ ಫ್ಯಾಕ್ಟರಿಗಳ ತಗಡು ಚಾವಣಿಗಳನ್ನು ತೋರಿಸಿ, ಅದರಲ್ಲಿ ಗಂಡ ಕೆಲಸ ಮಾಡಿದ್ದು ಯಾವುದೆಂದು ಗುರುತು ಹಿಡಿಯಲು ನೋಡುತ್ತಿದ್ದರು. ಒಂದೊಂದು ದಿನ ಒಂದೊಂದು ಚಾವಣಿ ತೋರಿಸುತ್ತಿದ್ದರು. ಯಶವಂತಪುರ ಬಂದಾಗ ಮಾತ್ರ ಮಾತು ನಿಲ್ಲಿಸಿ, ಪ್ಲಾಟ್‌ಫಾರ್ಮಿನ ಜನರ ಮುಖಗಳನ್ನು ನೋಡುತ್ತಿದ್ದರು.

ಅವರು ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಮಗಳು ತುಮಕೂರಿನಿಂದ ಬಂದಿದ್ದಳು. ನನಗೆ ಫೋನು ಬಂತು. ಆ ಲ್ಯಾಂಡ್‌ಲೈನಿನಿಂದಲೇ. "ಅಕ್ಕ, ಅಮ್ಮ ಏಳ್ತಿಲ್ಲ." ನಾನು ಓಡಿದೆ. ಡಾಕ್ಟರು ಬಂದು ಹೃದಯ ನಿಂತಿದೆ ಎಂದರು. ಮಲಗಿದವರ ಕೈ ಗಂಟಲ ಹತ್ತಿರ ಇತ್ತು. ಅದನ್ನು ನಾನೇ ಮೆಲ್ಲಗೆ ತೆಗೆದು ಎದೆಯ ಮೇಲಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ನೆಂಟರು ಸೇರಿದರು. ಆ ಕಿರಿದಾದ ಹಾಲಿನಲ್ಲಿ, ಫೋನಿನ ಸ್ಟೂಲನ್ನು ಗೋಡೆಗೆ ಸರಿಸಿ, ಹೆಂಗಸರೆಲ್ಲ ಸೇರಿ ಸ್ನಾನ ಮಾಡಿಸಿ ಸೀರೆ ಉಡಿಸಿದೆವು. ಪಕ್ಕದ ಮನೆಗೆ ಹೊಸದಾಗಿ ಬಂದವರು ತಟ್ಟೆಯಲ್ಲಿ ಅರಿಶಿನ ಕುಂಕುಮ, ಹೂವು ತಂದಿಟ್ಟಿದ್ದರು. ಅವರಿಗೇನು ಗೊತ್ತು. ಓರಗಿತ್ತಿ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಆಚೆ ತಳ್ಳಿ ಹೇಳಿದರು. "ಇದೆಲ್ಲ ಬೇಡ. ಮುತ್ತೈದೆಗೆ ಮಾಡೋದು ಅದು. ನದೀಲಿ ಎಲ್ಲಾ ಆಗೋಗಿದ್ಯಲ್ಲ."

ಮಗಳು ಅಮ್ಮನ ತಲೆಯ ಹತ್ತಿರ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಕೈಚಾಚಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ದೊಡ್ಡಮ್ಮ, ಅಪ್ಪ ಇಲ್ಲ ಅಂತ ಹೋಗಿ ನೋಡ್ಕೊಂಡು ಬಂದೋರು ಯಾರಿದಾರೆ?"

"ಅಲ್ವೇ, ನೀನೇ ತಾನೆ ಅವತ್ತು..."

"ಹೌದು. ನಾನೇ. ನಂಗೆ ಗೊತ್ತಿಲ್ಲ ದೊಡ್ಡಮ್ಮ. ನಿಮಗ್ ಗೊತ್ತಾ?"

ಕುಂಕುಮವನ್ನು ಬೆರಳಿಗೆ ಎತ್ತಿಕೊಂಡು, ಆ ಕಪ್ಪು ಕಲೆಯ ಮೇಲೆ, ಅದರ ಅಂಚು ಸ್ವಲ್ಪವೂ ಕಾಣದ ಹಾಗೆ ದುಂಡಗೆ ಇಟ್ಟಳು. ಆಮೇಲೆ ಹೂವು ಮುಡಿಸಿದಳು. ಕಾಲುಂಗುರ ಎಲ್ಲಿವೆಯೋ ಯಾರಿಗೂ ತಿಳಿಯಲಿಲ್ಲ. ತನ್ನವನ್ನೇ ತೆಗೆಯಲು ಹೊರಟವಳನ್ನು ತಡೆದು, ನಾನು ನನ್ನವನ್ನು ತೆಗೆದು ತೊಡಿಸಿದೆ. ಆಗ ನನಗೂ ಮದುವೆಯಾಗಿ ಸ್ವಲ್ಪ ಕಾಲವಾಗಿತ್ತು. ಅವ್ವನಿಗೆ ಮಾತ್ರ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ಈಗ ಆ ಕೆಲಸ ನೋಡಿಕೊಳ್ಳುವುದು ನಾನು. ಹೊಸದಾಗಿ ಬಂದವರು ಖಾಲಿ ಖಾನೆ ಕಂಡರೆ ಚಡಪಡಿಸುತ್ತಾರೆ, ಸೊನ್ನೆ ಹಾಕಿ ಬೇಗ ಮುಗಿಸಲು ನೋಡುತ್ತಾರೆ. ಅವರ ಹಿಂದೆ ಹೋಗಿ ನಿಂತು ನಾನು ಕೇಳುವ ಪ್ರಶ್ನೆ ನನ್ನದಲ್ಲ. ಎಷ್ಟೋ ಸಲ ಕೇಳುವಾಗ ನನ್ನ ಕೈ ಗಂಟಲಿಗೆ ಹೋಗಿರುತ್ತದೆ. ಬಿಸಿನೀರು ಬೇಕಾ ಮೇಡಂ ಎಂದು ಅವರು ವಿಚಾರಿಸುತ್ತಾರೆ.

ದಾಸರಹಳ್ಳಿಯ ಮನೆಯನ್ನು ಮಗಳು ಖಾಲಿ ಮಾಡಿದಳು, ಮಾಡಲೇಬೇಕಿತ್ತು. ಕೊನೆಯ ದಿನ ಬೀಗದ ಕೈ ಕೊಡುವಾಗ ಕೆಳಗಿನ ಮನೆಯ ಓನರ್‌ಗೆ ತನ್ನ ಮೊಬೈಲ್ ನಂಬರ್ ಬರೆದುಕೊಟ್ಟು, "ಅಂಕಲ್, ಯಾರಾದ್ರೂ ನಮ್ಮನ್ನ ಕೇಳ್ಕೊಂಡು ಬಂದ್ರೆ ಇದನ್ನ ಕೊಡಿ. ವಯಸ್ಸಾಗಿರೋರು ಯಾರೇ ಬಂದ್ರೂ," ಎಂದಳು. ಓನರ್ ಅದನ್ನು ಬಾಗಿಲ ಹಿಂದೆ ಅಂಟಿಸಿಕೊಂಡಿದ್ದಾರೆ. ಅವ್ವನ ಮನೆಗೆ ಹೋದಾಗಲೆಲ್ಲ ನಾನು ಆ ಗೇಟಿನ ಹತ್ತಿರ ನಿಂತು ವಿಚಾರಿಸುತ್ತೇನೆ. ಇನ್ನೂ ಯಾರೂ ಬಂದಿಲ್ಲ.